ವಿಸಿಟ್ ವೀಸಾದಲ್ಲಿ ಗಲ್ಫ್ ಕೆಲಸಕ್ಕೆ ಹೊರಟಿದ್ದೀರಾ? ಒಂದು ಸಲ ಇದನ್ನು ಓದಿ

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಬೇಲೇಕೇರಿಯಿಂದ ಕಾರವಾರದವರೆಗೆ ಹುಡುಗರೆಲ್ಲ ಮನೆಯಲ್ಲೇ ಇರುತ್ತಾರೆ. ಕೈಯಲ್ಲಿ ದುಡ್ಡು ಓಡಾಡುವುದಿಲ್ಲ. ಗಲ್ಫ್ ಏಜೆಂಟರು ಮನೆ ಬಾಗಿಲಿಗೆ ಬರುವುದು ಸರಿಯಾಗಿ ಅದೇ ಹೊತ್ತಿಗೆ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೂ ಒಬ್ಬ ಬಂದ. ಪರಿಚಯದವರ ಪರಿಚಯ. ನನ್ನ ತಮ್ಮ ಪರ್ಸೀನ್ ಬೋಟಿನಲ್ಲಿ, ಅಂದರೆ ದೊಡ್ಡ ಸುತ್ತುಬಲೆಯ ಬೋಟಿನಲ್ಲಿ ಕೆಲಸ ಮಾಡುತ್ತಾನೆ. ದುಬೈ ಹತ್ತಿರ ಮೀನು ಹಿಡಿಯುವ ಲಾಂಚ್‌ನಲ್ಲಿ ಕೆಲಸ ಇದೆ, ಊಟ-ವಸತಿ ಅವರದ್ದೇ, ವೀಸಾ ನಾಲ್ಕು ದಿನದಲ್ಲಿ ಕೈಗೆ ಬರುತ್ತದೆ ಅಂದ. ಕೇಳಿದ್ದು 1,10,000 ರೂಪಾಯಿ. ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, ಮನಸ್ಸಿರಲಿಲ್ಲ. 2018ರಲ್ಲಿ ದುಬೈ ಕಡೆಯ ಬೋಟುಗಳಲ್ಲಿದ್ದ ನಮ್ಮ ಉತ್ತರ ಕನ್ನಡ ಜಿಲ್ಲೆಯ 18 ಮೀನುಗಾರರನ್ನು ಇರಾನ್ ಹಿಡಿದಿಟ್ಟಿತ್ತಲ್ಲ, ಅದು ಅವಳಿಗೆ ಚೆನ್ನಾಗಿ ನೆನಪಿತ್ತು. 'ಅದು ಗಡಿ ದಾಟಿದವರ ಕಥೆ ಆಯಿ, ನಮ್ಮ ಲಾಂಚ್ ದಡದ ಹತ್ತಿರವೇ ಇರುತ್ತದೆ' ಅಂತ ಏಜೆಂಟ ಸಮಾಧಾನ ಮಾಡಿದ. ಕೊನೆಗೆ ಆಯಿಯ ಎರಡು ಪಾಟ್ಲಿ ಬಳೆ ಸೊಸೈಟಿಯಲ್ಲಿ ಅಡ ಇಟ್ಟು ದುಡ್ಡು ಕೊಟ್ಟೆವು. ರಶೀದಿ ಕೊಡಲಿಲ್ಲ. ತಮ್ಮನ ಪಾಸ್‌ಪೋರ್ಟ್ ಮಾತ್ರ ಚೀಲಕ್ಕೆ ಹಾಕಿಕೊಂಡು ಹೋದ.

ವೀಸಾ ವಾಟ್ಸಾಪಿನಲ್ಲಿ ಬಂತು. ಓದಿದೆ. 60 ದಿನದ ಟೂರಿಸ್ಟ್ ವೀಸಾ. ಫೋನ್ ಮಾಡಿ ಕೇಳಿದ್ದಕ್ಕೆ, 'ಎಲ್ಲರೂ ಹೀಗೇ ಹೋಗೋದು ಅಕ್ಕ, ಅಲ್ಲಿ ಇಳಿದ ಮೇಲೆ ಕಂಪನಿಯವರು ಚೇಂಜ್ ಮಾಡಿಸ್ತಾರೆ' ಅಂದ. ನಾನು ಅಲ್ಲಿಗೇ ಬಿಟ್ಟೆ. ಬಿಡಬಾರದಿತ್ತು.

ಹೊರಡುವ ಹಿಂದಿನ ದಿನ ಪಾಸ್‌ಪೋರ್ಟ್ ವಾಪಸ್ ಬಂತು. ಅದರ ಕೊನೆಯ ಪುಟದಲ್ಲಿ, ಅಪ್ಪ-ಆಯಿಯ ಹೆಸರು, ವಿಳಾಸ ಇರುವಲ್ಲಿ, ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಅಂತ ಅಚ್ಚಾಗಿದೆ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇದು ಇರುತ್ತದೆ. ಇದರ ಅರ್ಥ ಇಷ್ಟೇ. ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಇವರು ಕೆಲಸಕ್ಕೆ ಹೋಗುವುದಾದರೆ ಮೊದಲು ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಕೆಲಸ ಕೊಡುವವನು ಯಾರು, ಸಂಬಳ ಎಷ್ಟು, ಒಪ್ಪಂದದಲ್ಲಿ ಏನಿದೆ ಅನ್ನುವುದೆಲ್ಲ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ದಾಖಲಾದ ಮೇಲೆ ಕ್ಲಿಯರೆನ್ಸ್ ಸಿಗುತ್ತದೆ. ಸುಮ್ನೆ ಊರು ನೋಡಿಕೊಂಡು ಬರಲು ಹೋಗುವವರಿಗೆ ಇದು ಬೇಡ. ಏಜೆಂಟರು ನುಸುಳುವುದು ಆ ಸಂದಿಯಲ್ಲೇ. ಕೆಲಸಕ್ಕೆ ಹೋಗುವ ಹುಡುಗನಿಗೆ ಪ್ರವಾಸಿಯ ವೇಷ ಹಾಕಿಸುತ್ತಾರೆ.

ಆ ವೇಷ ಹೇಗಿತ್ತು ಅಂತ ಹೇಳುತ್ತೇನೆ. ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ಹೋಟೆಲ್ ಬುಕಿಂಗ್ ಅನ್ನುವ ಒಂದು ಹಾಳೆ, ರಿಟರ್ನ್ ಟಿಕೆಟ್ ಅನ್ನುವ ಇನ್ನೊಂದು ಹಾಳೆ. ಜೊತೆಗೆ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟಿದ್ದ ಉತ್ತರಗಳು: ತಿರುಗಾಡಲು ಹೋಗ್ತಿದ್ದೇನೆ, ಹತ್ತು ದಿನ ಇರ್ತೇನೆ, ಬುರ್ಜ್ ಖಲೀಫಾ ನೋಡ್ತೇನೆ. ತಮ್ಮ ಗೋವಾಕ್ಕೆ ಹೋಗುವ ಗಾಡಿಯಲ್ಲಿ ಗಡಿಯ ಮಾಜಾಳಿ ದಾಟುವವರೆಗೂ ಅದನ್ನು ಬಾಯಿಪಾಠ ಮಾಡುತ್ತಿದ್ದ. ಅವನ ಚೀಲದಲ್ಲಿ ಆಯಿ ಕಟ್ಟಿಕೊಟ್ಟ ಒಣ ಸಿಗಡಿ ಇತ್ತು, ಎರಡು ತಿಂಗಳಿಗಾಗುವಷ್ಟು.

ಇಮಿಗ್ರೇಷನ್ ಕೌಂಟರಿನಲ್ಲಿ ಆ ಚೀಟಿ ಒಂದು ನಿಮಿಷವೂ ನಿಲ್ಲಲಿಲ್ಲ. ಕೈಯಲ್ಲಿ ಖರ್ಚಿಗೆ ಎಷ್ಟಿದೆ ಅಂತ ಕೇಳಿದರು. ಮೂರು ಸಾವಿರ ಅಂದ. ಹೋಟೆಲ್ ಯಾವ ಏರಿಯಾದಲ್ಲಿದೆ? ಗೊತ್ತಿಲ್ಲ. ರಿಟರ್ನ್ ಟಿಕೆಟ್ ನೋಡಿದರೆ ಅದು ಆಗಲೇ ಕ್ಯಾನ್ಸಲ್ ಆಗಿತ್ತು. ಬದಿಗೆ ಕೂರಿಸಿ, 'ನಿಜ ಹೇಳಪ್ಪ, ಕೆಲಸಕ್ಕೆ ತಾನೇ ಹೋಗ್ತಿರೋದು?' ಅಂದಾಗ ತಮ್ಮ ಅತ್ತುಬಿಟ್ಟ. ವಿಮಾನ ಹತ್ತಲು ಬಿಡಲಿಲ್ಲ. ಏಜೆಂಟನಿಗೆ ಹತ್ತಾರು ಸಲ ಫೋನ್ ಮಾಡಿದೆವು. ಮರುದಿನದಿಂದ ಆ ನಂಬರೇ ಬಂದ್.

ಅವತ್ತು ರಾತ್ರಿ ಆ ಅಧಿಕಾರಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಯಾಕೆ ಅಂದರೆ ತಮ್ಮನ ಜೊತೆಗಿದ್ದ ಕುಮಟಾ ಕಡೆಯ ಹುಡುಗ ಹತ್ತನೇ ಪಾಸಾಗಿದ್ದ. ಅವನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಇರಲಿಲ್ಲ. ಅವನು ದಾಟಿಹೋದ. ಅಲ್ಲಿ ಲಾಂಚೂ ಇಲ್ಲ, ಕಂಪನಿಯೂ ಇಲ್ಲ. ಒಂದು ಕೋಣೆಯಲ್ಲಿ ಒಂಬತ್ತು ಜನ. ಕರೆದುಕೊಂಡು ಹೋದವನು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ. ದಿನಗೂಲಿಗೆ ಲೋಡಿಂಗ್ ಮಾಡಿಸಿದರು, ಸಂಬಳ ನಾಳೆ ನಾಳೆ ಅಂತ ದೂಡಿದರು. ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡುವುದೇ ಅಲ್ಲಿ ಅಪರಾಧ. ಹಾಗಾಗಿ ಪೊಲೀಸರ ಹತ್ತಿರ ಹೋಗಲು ಅವನಿಗೆ ಹೆದರಿಕೆ. 60 ದಿನ ಮುಗಿದ ಮೇಲೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಯಿತು. ಮನೆಯವರು ಇಲ್ಲಿಂದ ಸಾಲ ಮಾಡಿ ದುಡ್ಡು ಕಳಿಸಿದ ಮೇಲೆಯೇ ಅವನು ಊರು ಕಂಡದ್ದು. ಬರುವಾಗ ಪಾಸ್‌ಪೋರ್ಟ್ ಕೈಗೆ ಸಿಗಲೇ ಇಲ್ಲ. ಭಾರತದ ಕಾನ್ಸುಲೇಟ್ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟಿತು. ಅದು ಒಂದು ಸಲ ಊರಿಗೆ ಮರಳಲಿಕ್ಕೆ ಮಾತ್ರ ನಡೆಯುವ ಕಾಗದ.

ಇಸಿಆರ್ ಅಂದರೆ ಏನೋ ಕಳಂಕ ಅನ್ನುವ ಹಾಗೆ ಏಜೆಂಟರು ಮಾತಾಡುತ್ತಾರೆ. 2018ರ ಜನವರಿಯಲ್ಲಿ ಇಸಿಆರ್ ಇರುವವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುತ್ತೇವೆ ಅಂತ ಸರ್ಕಾರ ಹೊರಟಿತ್ತು. ಓದದವರನ್ನು ಬೇರೆ ಮಾಡುತ್ತೀರಾ ಅಂತ ಜನ ಬೈದ ಮೇಲೆ ಅದೇ ತಿಂಗಳು ಕೈಬಿಟ್ಟಿತು. ಬಣ್ಣ ಬೇಡ ಅಂದದ್ದು ಸರಿಯೇ. ಆದರೆ ಆ ತಪಾಸಣೆ ಬೇಕು. ಕ್ಲಿಯರೆನ್ಸ್ ಪಡೆದು ಹೋದವರ ಹೆಸರು, ಕೆಲಸ ಕೊಟ್ಟವನ ಹೆಸರು ಎರಡೂ ಸರ್ಕಾರದ ದಾಖಲೆಯಲ್ಲಿ ಇರುತ್ತವೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆಯೂ ಇರುತ್ತದೆ. ಅದಕ್ಕೆ ಎರಡು ವರ್ಷಕ್ಕೆ ಬರೀ 275 ರೂಪಾಯಿ. ಸಮುದ್ರದ ಕೆಲಸದಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಹುಡುಕಲಿಕ್ಕೆ ಒಂದು ಎಳೆಯಾದರೂ ಸಿಗಬೇಕಲ್ವಾ? ಟೂರಿಸ್ಟ್ ಅಂತ ಹೋದವನನ್ನು ಯಾವ ಲಾಂಚಿನಲ್ಲಿ ಅಂತ ಹುಡುಕುವುದು?

ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಯಾರೂ ಜನರನ್ನು ವಿದೇಶಕ್ಕೆ ಕೆಲಸಕ್ಕೆ ಕಳಿಸುವಂತಿಲ್ಲ. ನೋಂದಣಿ ಇರುವ ಏಜೆಂಟರ ಪಟ್ಟಿ ಇ-ಮೈಗ್ರೇಟ್ ವೆಬ್‌ಸೈಟಿನಲ್ಲೇ ಇದೆ, ಮೊಬೈಲಿನಲ್ಲಿ ಐದು ನಿಮಿಷದಲ್ಲಿ ನೋಡಬಹುದು. ಅವರೂ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ರಶೀದಿ ಕೊಡಲೇಬೇಕು. ನಮ್ಮವನು ಕೇಳಿದ್ದು ಅದರ ಮೂರು ಪಟ್ಟಿಗಿಂತ ಜಾಸ್ತಿ! ಇನ್ನು ಪಾಸ್‌ಪೋರ್ಟ್. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಕೇಂದ್ರ ಸರ್ಕಾರದ ಆಸ್ತಿ. ಅಡ ಇಡಲಿಕ್ಕೆ ಅದು ಪಾಟ್ಲಿ ಅಲ್ಲ. ಹತ್ತನೇ ಪಾಸಾಗಿದ್ದೂ ಇಸಿಆರ್ ಬಂದಿದ್ದರೆ, ಮಾರ್ಕ್ಸ್‌ಕಾರ್ಡ್ ಕೊಟ್ಟು ರೀ-ಇಶ್ಯೂ ಮಾಡಿಸಿ. ಅದಕ್ಕೆ ಏಜೆಂಟ್ ಬೇಕಾಗಿಲ್ಲ.

ಪೊಲೀಸ್ ದೂರು ಕೊಟ್ಟಿದ್ದೇವೆ. ದುಡ್ಡು ಕೊಟ್ಟದ್ದಕ್ಕೆ ಕಾಗದ ಇಲ್ಲದ್ದರಿಂದ ವಾಟ್ಸಾಪ್ ಮೆಸೇಜುಗಳೇ ನಮ್ಮ ಸಾಕ್ಷಿ. ನಿಮ್ಮ ಹತ್ತಿರ ಅಂಥ ಮೆಸೇಜ್ ಇದ್ದರೆ ಅಳಿಸಬೇಡಿ. ತಮ್ಮ ಆಗಸ್ಟಿನಲ್ಲೇ ಬೋಟಿಗೆ ಹೋದ. ಪಾಟ್ಲಿ ಇನ್ನೂ ಸೊಸೈಟಿಯಲ್ಲೇ ಇದೆ.

ಮೊನ್ನೆ ಹೊನ್ನಾವರ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಅವರ ಮಗನಿಗೆ ಕುವೈತ್‌ನಲ್ಲಿ ಕೆಲಸವಂತೆ, ವೀಸಾ ನಾಲ್ಕು ದಿನದಲ್ಲಿ ಬರುತ್ತದಂತೆ. ಪಾಸ್‌ಪೋರ್ಟ್ ಎಲ್ಲಿದೆ ಅಂತ ಕೇಳಿದೆ. ಕೊಟ್ಟು ಆಗಿದೆ ಅಂದರು. ಇವತ್ತೇ ಹೋಗಿ ವಾಪಸ್ ತನ್ನಿ ಅಂದೆ.