ಗ್ಯಾಸ್ ಗೀಜರ್‌ನೊಂದಿಗೆ ಏಳು ವರ್ಷ: ಬಚ್ಚಲಿನಿಂದ ಯುಟಿಲಿಟಿಗೆ

ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ 2018ರ ಜೂನ್‌ನಲ್ಲಿ ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ, ಹೊಗೆ ಕೊಳವೆ ಇಲ್ಲದ ಗ್ಯಾಸ್ ಗೀಜರೊಂದನ್ನು ತಂದೆವು. ಏಳು ವರ್ಷ ಕಳೆದರೂ ಅದೇ ಗೀಜರ್ ದಿನವೂ ಕೆಲಸ ಮಾಡುತ್ತಿದೆ. ನಲ್ಲಿ ತಿರುಗಿಸಿದ ಕೂಡಲೇ ಹೊತ್ತಿಕೊಳ್ಳುತ್ತದೆ, ಕರೆಂಟು ಹೋದರೂ ಸ್ನಾನ ನಿಲ್ಲುವುದಿಲ್ಲ, ಮೂವರು ತಲಾ ಎರಡು ಬಕೆಟ್ ನೀರು ಬಳಸುವ ನಮ್ಮ ಮನೆಯಲ್ಲಿ 14.2 ಕೆ.ಜಿ.ಯ ಒಂದು ಸಿಲಿಂಡರ್ ಗೀಜರಿಗೆ ಸುಮಾರು ಒಂದೂವರೆ ತಿಂಗಳು ಬರುತ್ತದೆ. ಉಪಕರಣದ ಬಗ್ಗೆ ನನಗೆ ದೂರಿಲ್ಲ. ಆದರೆ ಮೊದಲ ಆರು ತಿಂಗಳು ಅದು ಇರಬಾರದ ಜಾಗದಲ್ಲಿತ್ತು. ಆದ್ದರಿಂದ ಅದನ್ನು ಎಲ್ಲಿ ಹಾಕಬೇಕು, ಅದಕ್ಕೆ ಗಾಳಿ ಎಲ್ಲಿಂದ ಬರಬೇಕು, ಉರಿದ ಗಾಳಿ ಎಲ್ಲಿಗೆ ಹೋಗಬೇಕು ಎಂಬುದನ್ನೇ ಇಲ್ಲಿ ಹೆಚ್ಚಾಗಿ ಬರೆಯುತ್ತಿದ್ದೇನೆ.

ಜೋಡಿಸಲು ಬಂದವರು, "ಬಚ್ಚಲಲ್ಲೇ ಹಾಕಿದರೆ ಪೈಪು ಉಳಿಯುತ್ತೆ ಸಾರ್, ಮೇಲೆ ವೆಂಟಿಲೇಟರ್ ಇದೆಯಲ್ಲ" ಎಂದರು. ನಾನು ಒಪ್ಪಿದೆ. ಸ್ನಾನಗೃಹದೊಳಗೆ ಅಳವಡಿಸಬಾರದೆಂದು ಪೆಟ್ಟಿಗೆಯಲ್ಲಿದ್ದ ಕೈಪಿಡಿಯಲ್ಲಿ ಸ್ಪಷ್ಟವಾಗಿ ಮುದ್ರಿಸಿತ್ತು. ಅದನ್ನು ನಾನು ಬಿಚ್ಚಿ ನೋಡಿರಲಿಲ್ಲ. ಡಿಸೆಂಬರಿನಲ್ಲಿ ಚಳಿಗಾಳಿ ಬರುತ್ತದೆಂದು ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಮುಚ್ಚಿದೆವು. ಒಂದು ಭಾನುವಾರ ಅಮ್ಮ ಎಣ್ಣೆ ಹಚ್ಚಿಕೊಂಡು ತಲೆಸ್ನಾನಕ್ಕೆ ಹೋದರು. ಒಳಗೆ ನೀರು ಬೀಳುವ ಸದ್ದು ಇತ್ತು, ಚೊಂಬಿನ ಸದ್ದು ಮಾತ್ರ ನಿಂತಿತ್ತು. ಬಾಗಿಲು ಬಡಿದಾಗ ಅವರೇ ಹೇಗೋ ಚಿಲಕ ತೆಗೆದು ಹೊಸ್ತಿಲಲ್ಲೇ ಕುಸಿದು ಕುಳಿತರು. ತಲೆನೋವು, ವಾಂತಿ ಬರುವಂತಹ ಸಂಕಟ, ಕಾಲಲ್ಲಿ ಬಲವಿಲ್ಲ. ಖಾಲಿ ಹೊಟ್ಟೆ, ಬಿಪಿ ಎಂದೆಲ್ಲ ಅಂದುಕೊಂಡೇ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಬಚ್ಚಲಲ್ಲಿ ಗ್ಯಾಸ್ ಗೀಜರ್ ಇದೆಯಾ?" ಆಮ್ಲಜನಕ ಕೊಟ್ಟ ಮೇಲೆ ಅಮ್ಮ ಸಂಜೆಗೆ ಚೇತರಿಸಿಕೊಂಡರು. ಚಳಿಗಾಲದ ದಿನಪತ್ರಿಕೆಗಳಲ್ಲಿ ಬಚ್ಚಲಿನ ಸಾವುಗಳ ಸುದ್ದಿಯನ್ನು ಕಂಡಾಗಲೆಲ್ಲ ನನಗೆ ಆ ಚಿಲಕದ ಸದ್ದು ನೆನಪಾಗುತ್ತದೆ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಈ ಅಳತೆಯ ಗೀಜರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 1 ಕೆ.ಜಿ. ಎಲ್‌ಪಿಜಿ ಸುಡುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಕಡಿಮೆಯೆಂದರೂ 12 ಘನ ಮೀಟರ್ ಗಾಳಿ ಬೇಕು. ಅಂದರೆ ಹತ್ತು ನಿಮಿಷಕ್ಕೆ 2 ಘನ ಮೀಟರ್. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ನಮ್ಮ ಬಚ್ಚಲಿನಲ್ಲಿರುವ ಒಟ್ಟು ಗಾಳಿಯೇ ಐದೂವರೆ ಘನ ಮೀಟರಿಗಿಂತ ಕಡಿಮೆ. ಹೊರಗಿನಿಂದ ಗಾಳಿ ಬಾರದಿದ್ದರೆ ಆಮ್ಲಜನಕ ಬೇಗನೆ ಕುಸಿಯುತ್ತದೆ, ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡನ್ನು ಉಗುಳತೊಡಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಸೋರಿದಾಗ ಬರುವ ವಾಸನೆ ಉರಿಯದ ಗ್ಯಾಸಿನದು, ಈ ವಿಷದ್ದಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಅಪಾಯ ತಿಳಿಯುವಷ್ಟರಲ್ಲಿ ಎದ್ದು ಬಾಗಿಲು ತೆರೆಯುವ ಶಕ್ತಿಯೇ ಉಳಿದಿರುವುದಿಲ್ಲ. ನಮ್ಮ ಗೀಜರಿನಲ್ಲಿ 20 ನಿಮಿಷಕ್ಕೆ ತಾನಾಗಿ ಆರುವ ವ್ಯವಸ್ಥೆ ಇದೆ, ಆದರೆ ಅದು ಉರಿದ ಹೊತ್ತನ್ನು ಎಣಿಸುತ್ತದೆಯೇ ಹೊರತು ಕೋಣೆಯಲ್ಲಿ ಉಳಿದ ಗಾಳಿಯನ್ನಲ್ಲ.

2019ರ ಜನವರಿಯಲ್ಲಿ ಗೀಜರನ್ನು ಅಡುಗೆಮನೆಯ ಹಿಂದಿನ ತೆರೆದ ಯುಟಿಲಿಟಿಗೆ ಸಾಗಿಸಿ, ಬಿಸಿನೀರಿನ ಪೈಪನ್ನು ಮಾತ್ರ ಬಚ್ಚಲಿಗೆ ಎಳೆಸಿದೆವು. ಬಿಸಿನೀರು ತಲುಪುವವರೆಗೆ ಸುಮಾರು ಅರ್ಧ ಬಕೆಟ್ ತಣ್ಣೀರು ಬರುತ್ತದೆ. ಅದು ಬಟ್ಟೆ ಒಗೆಯಲು ಆಗುತ್ತದೆ. ಊರಿನಲ್ಲಿ ಅಜ್ಜಿಯ ಮನೆಯ ಬಚ್ಚಲಲ್ಲಿ ಹಂಡೆ ಒಳಗಿದ್ದರೂ ಒಲೆಯ ಬಾಯಿ ಗೋಡೆಯಾಚೆ ಹಿತ್ತಲಿಗೆ ತೆರೆದುಕೊಂಡಿತ್ತು. ಸೌದೆ ತುಂಬುವುದೂ ಹೊರಗೆ, ಹೊಗೆ ಏಳುವುದೂ ಹೊರಗೆ. ಆ ಮನೆ ಕಟ್ಟಿದವರು ಮಾಡಿದ್ದನ್ನೇ ನಾವು ಒಂದು ಪೆಟ್ಟು ತಿಂದ ಮೇಲೆ ಮಾಡಿದೆವು.

ಅಲ್ಲಿಗೆ ಎಲ್ಲ ಸರಿಹೋಯಿತೆಂದುಕೊಂಡಿದ್ದೆ. 2021ರ ಮಳೆಗಾಲದಲ್ಲಿ ಇರಚಲು ಮತ್ತು ಪಾರಿವಾಳಗಳ ಕಾಟಕ್ಕೆ ಬೇಸತ್ತು ಯುಟಿಲಿಟಿಗೆ ಸರಿಸುವ ಗಾಜಿನ ಕಿಟಕಿ ಹಾಕಿಸಿದೆವು. ಕೆಲವೇ ವಾರಗಳಲ್ಲಿ ನೀಲಿಯಾಗಿದ್ದ ಜ್ವಾಲೆಯ ತುದಿ ಹಳದಿಗೆ ತಿರುಗಿತು, ಗೀಜರಿನ ಮೇಲಿನ ಗೋಡೆಗೆ ಮಸಿ ಹತ್ತಿತು. ಒಂದು ಸಂಜೆ ಗೀಜರ್ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಗಾಜು ಸರಿಸಿಟ್ಟು ಯುಟಿಲಿಟಿಯಲ್ಲಿ ಊದುಬತ್ತಿ ಹಿಡಿದು ನಿಂತೆ. ಹೊಗೆ ನೆಟ್ಟಗೆ ಮೇಲೇರಿತು. ಹೆಂಡತಿ ಅಡುಗೆಮನೆಯ ಚಿಮಣಿ ಹಾಕಿದ ಕೂಡಲೇ ಆ ಎಳೆ ಬಾಗಿ, ಬಾಗಿಲ ಮೂಲಕ ಒಲೆಯ ಕಡೆಗೆ ಹರಿಯಿತು. ಚಿಮಣಿ ಹೊರದೂಡುವಷ್ಟು ಗಾಳಿಯನ್ನು ಎಲ್ಲಿಂದಲಾದರೂ ಎಳೆದುಕೊಳ್ಳಲೇಬೇಕಲ್ಲವೇ? ಗಾಜು ಮುಚ್ಚಿದ್ದಾಗ ಅದು ಗೀಜರಿನ ಸುಟ್ಟ ಗಾಳಿಯನ್ನೇ ಮನೆಯೊಳಗೆ ಎಳೆಯುತ್ತಿತ್ತು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕೆನ್ನುವವರು ಇದನ್ನು ಗಮನಿಸಬೇಕು: ಒಳಬರುವ ದಾರಿ ಇಲ್ಲದ ಕಡೆ ಫ್ಯಾನ್ ಹೊಗೆಯನ್ನು ಹಿಂದಕ್ಕೆಳೆಯಬಹುದು.

ಮರುದಿನವೇ ಮೇಲಿನ ಒಂದು ಗಾಜನ್ನು ತೆಗೆಸಿ, ಯಾರೂ ಮುಚ್ಚಲಾಗದಂತೆ ಅಲ್ಯೂಮಿನಿಯಂ ಜಾಲರಿ ಕೂರಿಸಿದೆವು. ನೆಲಮಟ್ಟದಲ್ಲಿ ಇನ್ನೊಂದು ಜಾಲರಿ ಇಟ್ಟೆವು. ಬಿಸಿ ಹೊಗೆ ಮೇಲಿನಿಂದ ಹೋಗುತ್ತದೆ, ಹೊಸ ಗಾಳಿ ಕೆಳಗಿನಿಂದ ಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೂ ಕೆಳಗಿನ ಜಾಲರಿಯಿಂದ ಹೊರಬೀಳಲು ದಾರಿಯಿದೆ. ಗೀಜರ್ ಉರಿಯುವಾಗ ಅಡುಗೆಮನೆಯ ಬಾಗಿಲು ಮುಚ್ಚಿರುತ್ತದೆ, ಚಿಮಣಿ ಆರಿರುತ್ತದೆ. ಒಳಗೆ ಮಸಿ ಶುಚಿಮಾಡಿಸಿದ ಮೇಲೆ ಜ್ವಾಲೆ ಮತ್ತೆ ನೀಲಿಯಾಯಿತು.

ಅಮ್ಮನ ಘಟನೆಯ ನಂತರ ಕೊಂಡ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬಚ್ಚಲಿನ ಹೊರಗಿನ ಗೋಡೆಯಲ್ಲಿದೆ. ಬಚ್ಚಲಿನ ಹಬೆ ಅದಕ್ಕೆ ಒಗ್ಗದು. ಇಎನ್ 50291 (ಮನೆಬಳಕೆಯ ಇಂಥ ಅಲಾರಂಗಳ ಯುರೋಪಿನ ಮಾನದಂಡ) ಗುರುತಿರುವ ಅಲಾರಂ 300 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 300 ಭಾಗ ವಿಷಾನಿಲ) ಮಟ್ಟದಲ್ಲಿ ಮೂರು ನಿಮಿಷದೊಳಗೆ ಕೂಗಬೇಕು, 50 ಪಿಪಿಎಂ ಇದ್ದರೆ ಒಂದರಿಂದ ಒಂದೂವರೆ ಗಂಟೆಯಲ್ಲಿ. ಅದು ಗಾಳಿಯ ದಾರಿಗೆ ಬದಲಿಯಲ್ಲ, ಕೊನೆಯ ಕಾವಲು ಮಾತ್ರ.

ಉಳಿದಂತೆ ಗೀಜರ್ ಹೊತ್ತಿಸುವ ಎರಡು ದೊಡ್ಡ ಸೆಲ್‌ಗಳನ್ನು ವರ್ಷಕ್ಕೊಮ್ಮೆ ಬದಲಿಸುತ್ತೇವೆ, ಬೋರ್‌ವೆಲ್ ನೀರಿನ ಬಿಳಿ ಕಲ್ಲು ಕಟ್ಟುವುದರಿಂದ ಎರಡು ವರ್ಷಕ್ಕೊಮ್ಮೆ ಒಳಗಿನ ತಾಮ್ರದ ಭಾಗವನ್ನು ಸ್ವಚ್ಛಗೊಳಿಸುತ್ತೇವೆ. ಗ್ಯಾಸಿನ ರಬ್ಬರ್ ಪೈಪನ್ನು ಬದಲಿಸುವ ಗಡುವನ್ನು ತಪ್ಪಿಸಿಲ್ಲ.

ಸದಾ ತೆರೆದಿರುವ ಜಾಗ ಇರುವವರಿಗೆ ಈ ಗೀಜರನ್ನು ಧೈರ್ಯವಾಗಿ ಹೇಳುತ್ತೇನೆ, ಐದಕ್ಕೆ ನಾಲ್ಕು ಅಂಕ. ಬಚ್ಚಲು ಬಿಟ್ಟು ಬೇರೆ ಜಾಗವೇ ಇಲ್ಲದವರು ದಯವಿಟ್ಟು ಕೊಳ್ಳಬೇಡಿ. ವಿದ್ಯುತ್ ಗೀಜರ್ ಸಾಕು, ಅಥವಾ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ, ಕೋಣೆಯ ಗಾಳಿಯನ್ನು ಮುಟ್ಟದ ಮಾದರಿಯನ್ನು ನೋಡಿ. ಬಾಡಿಗೆ ಮನೆಗೆ ಹೋಗುವವರು ಮೊದಲ ದಿನವೇ ಬಚ್ಚಲಿನ ಗೋಡೆಯನ್ನೊಮ್ಮೆ ನೋಡಿ. ಅಲ್ಲಿ ಗ್ಯಾಸ್ ಗೀಜರ್ ತೂಗುತ್ತಿದ್ದರೆ, ಅದನ್ನು ಹೊರಗೆ ಹಾಕಿಸಿಕೊಟ್ಟ ಮೇಲೆಯೇ ಬೀಗದ ಕೈ ತೆಗೆದುಕೊಳ್ಳಿ.