ಮಾತು ಕಲಿಸೋ ಕ್ಲಿನಿಕ್ಕು: ನಮ್ಮಪ್ಪನ ನಾಲ್ಕು ತಿಂಗಳು
ಲಕ್ವಾ ಹೊಡೆದ ಮ್ಯಾಲ ಅಪ್ಪಗ ಬಲಗೈ ಬಿತ್ತು, ಮಾತೂ ನಿಂತಿತು. ರಾಯಚೂರಿನ ಈ ಸ್ಪೀಚ್ ಥೆರಪಿಗೆ ನಾಲ್ಕು ತಿಂಗಳು ಹೋದ್ವಿ. ಮೇಡಂ ಮೊದಲ ದಿನಾನೇ ತಿಳಿಸಿ ಹೇಳಿದ್ರು: ಬುದ್ಧಿ ಹೋಗಿಲ್ಲ, ಎಡ ಮಿದುಳಿನ ಮುಂದಿನ, ಮಾತು ಹೊರಡಿಸೋ ಬ್ರೋಕಾ ಭಾಗಕ್ಕ ಪೆಟ್ಟಾಗೇದ. ಆ ಹೆಸರು ಪ್ಯಾರಿಸ್ಸಿನ ಡಾಕ್ಟರ್ ಪಾಲ್ ಬ್ರೋಕಾ ಅವರದು; 1861ರಾಗ ಅವರು ನೋಡಿದ ಇಂಥದೇ ರೋಗಿ ಬರೇ ‘ಟ್ಯಾನ್’ ಅಂತಿದ್ನಂತ.

ಆಮೇಲೆ ಹಾಡಿಸಿದ್ರು ನೋಡ್ರಿ! ‘ನೀರು’ ಅನ್ನಲಾರದ ಅಪ್ಪ ದಾಸರ ಪದ ಸಲೀಸಾಗಿ ಹಾಡಿದ್ರು; ನಾ ಅಲ್ಲೇ ಅತ್ತೆ. ಎಡಗೈಲೆ ತಾಳ ಹಾಕಿಸಿ, ರಾಗದಾಗ ‘ಚಾ ಕೊಡು’ ಕಲಿಸಿದ್ರು. ಈಗ ಮೂರ್ನಾಲ್ಕು ಪದ ಕೂಡಿಸ್ತಾರ, ನನ್ನ ಹೆಸರು ಮಾತ್ರ ತಂಗಿ ಹೆಸರಾಗಿ ಬರ್ತದ.

ಸಿಟ್ಟು ಬರೋದು ಮೆಟ್ಟಿಲಿಗೆ. ಎರಡನೇ ಮಹಡಿ, ಲಿಫ್ಟಿಲ್ಲ, ಅದೂ ಲಕ್ವಾ ಆದವರಿಗೆ! ಚಿತ್ರದ ಕಾರ್ಡಿನಾಗೆಲ್ಲ ಸೇಬು, ಹಡಗು. ಜೋಳದ ರೊಟ್ಟಿ ಚಿತ್ರ ನಾವೇ ಬಿಡಿಸಿ ಒಯ್ದ್ವಿ.