ಹೈಫಾದ ಬಹಾಯಿ ತೋಟಕ್ಕೆ ಹೋಗುವವರು ಮೊದಲು ಗೇಟು ಯಾವುದೆಂದು ಕೇಳಿಕೊಳ್ಳಿ

2019ರ ನವೆಂಬರ್‌ನಲ್ಲಿ ನಾನು ಟೆಲ್ ಅವೀವ್‌ನಲ್ಲಿ ಕೆಲಸದಲ್ಲಿದ್ದೆ, ಅಮ್ಮ ಊರಿಂದ ಬಂದಿದ್ದಳು. ಬಹಾಯಿ ಧರ್ಮದವರ ಪ್ರಾರ್ಥನಾ ಮಂದಿರವಾದ ದೆಹಲಿಯ ಲೋಟಸ್ ಟೆಂಪಲ್ ಅಂದರೆ ಅವಳಿಗೆ ಪ್ರಾಣ. ಅದನ್ನು ಕಟ್ಟಿಸಿದ ವಾಸ್ತುಶಿಲ್ಪಿ ಫರಿಬೋರ್ಜ್ ಸಾಹ್ಬಾ ಅವರೇ ಇಲ್ಲಿ ಇಸ್ರೇಲಿನ ಹೈಫಾ ನಗರದ ಕಾರ್ಮೆಲ್ ಬೆಟ್ಟದ ಮೇಲೆ 19 ಹಂತಗಳ ತೋಟ ಮಾಡಿದ್ದಾರೆ ಅಂದಿದ್ದೇ ತಪ್ಪಾಯ್ತು.

ನಾವು ಹೊರಟಿದ್ದು ಶನಿವಾರ, ಯಹೂದಿಗಳ ವಿಶ್ರಾಂತಿಯ ದಿನ, ರೈಲಿಲ್ಲ. ಬಾಡಿಗೆ ಕಾರಿನವನು ತೋಟದ ಟಿಕೆಟ್ಟೂ ತಾನೇ ಮಾಡಿಸುತ್ತೇನೆಂದು ತಲೆಗೆ 60 ಶೆಕೆಲ್ ಇಸಕೊಂಡ. ಕೆಳಗೆ ಬೆನ್ ಗುರಿಯನ್ ರಸ್ತೆಯ ತುದಿಯಲ್ಲಿ ಇಳಿಸಿ ಹೊರಟೇ ಹೋದ. ಎದುರಿಗೇ ಮೆಟ್ಟಿಲು, ನಡುವೆ ಹೊಳೆಯುವ ಬಂಗಾರದ ಗುಮ್ಮಟ. ಕಾವಲಿನವರು ಮಾತ್ರ ಇಲ್ಲಿಂದ ಹತ್ತುವಂತಿಲ್ಲ, ಮೇಲೆ ಯೆಫೆ ನೋಫ್ ರಸ್ತೆಗೆ ಹೋಗಿ ಅಂದರು. ತೋಟ ಒಂದೇ ಆದರೂ ಗೇಟು ಮೂರು, ಒಂದರಿಂದ ಇನ್ನೊಂದಕ್ಕೆ ನಮ್ಮಿಷ್ಟದಂತೆ ಒಳಗೇ ನಡೆದು ಹೋಗಲು ಬಿಡುವುದಿಲ್ಲ. ಬೆಟ್ಟ ಹತ್ತಿಸುವ ಕಾರ್ಮೆಲಿತ್ ಸುರಂಗ ರೈಲೂ ಶನಿವಾರ ಬಂದ್. ಟ್ಯಾಕ್ಸಿ ಹುಡುಕಿ ಮೇಲೆ ತಲುಪಿದಾಗ ಗಂಟೆ ಹನ್ನೆರಡು. ಆ ಬಂಗಾರದ ಗುಮ್ಮಟವೇ ಬಹಾಯಿ ಧರ್ಮಕ್ಕೆ ದಾರಿ ಮಾಡಿಕೊಟ್ಟ ಬಾಬ್ ಅವರ ಸಮಾಧಿ; ಅದರ ಒಳಗೆ ಹೊರಗಿನವರಿಗೆ ಪ್ರವೇಶ ಹನ್ನೆರಡರವರೆಗೆ ಮಾತ್ರ. ಅಮ್ಮ ನೋಡಬೇಕೆಂದಿದ್ದದ್ದು ಅದನ್ನೇ.

ಹನ್ನೆರಡರ ಇಂಗ್ಲಿಷ್ ಟೂರ್ ಸಿಕ್ಕಿತು. ಬರೀ ಇಳಿಯುವುದಲ್ವಾ ಅಂದುಕೊಂಡೆ. ಇಳಿಯುವುದೇ ಮಂಡಿನೋವಿನವರಿಗೆ ಕಷ್ಟ ಅಂತ ಅವತ್ತು ಗೊತ್ತಾಯ್ತು. ಸುಮಾರು 700 ಮೆಟ್ಟಿಲು. ಪಕ್ಕದ ಕಾಲುವೆಯಲ್ಲಿ ನೀರು ಜುಳುಜುಳು ಇಳಿಯುತ್ತಿತ್ತು, ಕೆಳಗೆ ನೀಲಿ ಸಮುದ್ರ. ಅಮ್ಮ ಎರಡನ್ನೂ ನೋಡಲಿಲ್ಲ; ನನ್ನ ತೋಳು ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲೂರಿ, ಅಡ್ಡಡ್ಡ ಇಳಿದಳು. ಚೀಲದಲ್ಲಿ ಕೋಡುಬಳೆ ಇತ್ತು, ಒಳಗೆ ನೀರು ಬಿಟ್ಟರೆ ಏನೂ ಬಾಯಿಗಿಡುವಂತಿಲ್ಲ. ಟೂರ್ ಮುಗಿಯುವುದು ಹೊರಟ ಜಾಗದಲ್ಲಲ್ಲ, ಕೆಳಗೆ ಹತ್ಸಿಯೊನುತ್ ರಸ್ತೆಯ ಕಡೆ. ಕಾರು ಮೇಲೆ ನಿಲ್ಲಿಸಿದವರು ಮತ್ತೆ ಬೆಟ್ಟ ಹತ್ತಬೇಕು.

ಕೊನೆಯಲ್ಲಿ ಗೈಡ್ ಹತ್ತಿರ ಟಿಕೆಟ್ ವಿಚಾರ ಕೇಳಿದೆ. ಆಕೆ ಪಾಪ, ನನಗಿಂತ ಹೆಚ್ಚು ಪೇಚಾಡಿದಳು. ಪ್ರವೇಶ, ಟೂರ್ ಎರಡೂ ಉಚಿತ. ಬಹಾಯಿಗಳಲ್ಲದವರಿಂದ ದೇಣಿಗೆಯನ್ನೂ ಅವರು ಮುಟ್ಟುವುದಿಲ್ಲವಂತೆ. "ಅರವತ್ತು ಅಂದ್ರೆ ನಮ್ಮ ದುಡ್ಡಲ್ಲಿ ಎಷ್ಟೋ?" ಅಂದಳು ಅಮ್ಮ. ತಲೆಗೆ ಸಾವಿರದ ಇನ್ನೂರಕ್ಕೂ ಮೇಲೆ. "ಇನ್ನೂರು ಇರಬೇಕಮ್ಮ" ಅಂದೆ.

ಹಿರಿಯರಿದ್ದರೆ ಟೂರ್ ಬಿಟ್ಟುಬಿಡಿ. ಬೆಳಿಗ್ಗೆ ಒಂಬತ್ತಕ್ಕೇ ಹತ್ಸಿಯೊನುತ್ ಗೇಟಿಗೆ ಹೋಗಿ ಸಮಾಧಿ ನೋಡಿ, ಆಮೇಲೆ ಟ್ಯಾಕ್ಸಿಯಲ್ಲಿ ಯೆಫೆ ನೋಫ್‌ಗೆ ಹೋದರೆ ಮೇಲಿನ ಕಟ್ಟೆಯಿಂದಲೇ ಇಡೀ ತೋಟ, ಸಮುದ್ರ ಕಾಣುತ್ತೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಬುಧವಾರ ಟೂರ್ ಇರುತ್ತಿರಲಿಲ್ಲ, ಹೊರಡುವ ಮುಂಚೆ ಈಗಿನ ವೇಳೆ ನೋಡಿಕೊಳ್ಳಿ.